ಬಣ್ಣ ತುಂಬುವ ಸ್ಪರ್ಧೆ ಸಾಕು, ಪುಟ್ಟ ಮಕ್ಕಳಿಗೆ ನೀರುಬಣ್ಣ ಕೊಡಿ

ಸಂಘ ಸಂಸ್ಥೆಗಳ ಹಿರಿಯರೇ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ, ಗಣೇಶೋತ್ಸವ ಸಮಿತಿಯ ಗೆಳೆಯರೇ, ಅಪಾರ್ಟ್‌ಮೆಂಟುಗಳ ಸಾಂಸ್ಕೃತಿಕ ಸಮಿತಿಯವರೇ, ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರೇ,

ಆಗಸ್ಟ್ 15ಕ್ಕೆ ಶುರುವಾದರೆ ಗಣೇಶನ ಹಬ್ಬ, ದಸರಾ, ರಾಜ್ಯೋತ್ಸವ ದಾಟಿ ನವೆಂಬರ್ 14ರ ಮಕ್ಕಳ ದಿನಾಚರಣೆಯವರೆಗೆ ನಮ್ಮ ಊರು, ಬಡಾವಣೆಗಳಲ್ಲಿ ಕಾರ್ಯಕ್ರಮಗಳಿಗೆ ಬಿಡುವಿಲ್ಲ. ಕರಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಾಲಿದೆ: ಎಲ್‌ಕೆಜಿಯಿಂದ ಎರಡನೇ ತರಗತಿಯ ಮಕ್ಕಳಿಗೆ ಚಿತ್ರಕ್ಕೆ ಬಣ್ಣ ತುಂಬುವ ಸ್ಪರ್ಧೆ. ಆ ಸಾಲನ್ನು ಈ ವರ್ಷ ತೆಗೆಯಿರಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಅದೇ ದುಡ್ಡಿನಲ್ಲಿ, ಅದೇ ಬೆಳಿಗ್ಗೆ, ಅದೇ ಮಕ್ಕಳಿಗೆ ಒಂದು ದಪ್ಪ ಹಾಳೆ, ಒಂದು ಒಳ್ಳೆಯ ಕುಂಚ, ಎರಡು ಲೋಟ ನೀರು, ಮೂರು ಬಣ್ಣ ಕೊಡಿ. ಬಹುಮಾನ ಬೇಡ, ತೀರ್ಪುಗಾರರು ಬೇಡ. ಎಂಟು ವರ್ಷ ತುಂಬುವವರೆಗೆ ಚಿತ್ರದ ಮಟ್ಟಿಗೆ ಯಾವ ಮಗುವೂ ಗೆಲ್ಲುವುದೂ ಬೇಡ, ಸೋಲುವುದೂ ಬೇಡ.

ಸ್ಪರ್ಧೆಯ ಬೆಳಿಗ್ಗೆ ಏನು ನಡೆಯುತ್ತದೆಂದು ನಿಮಗೆ ಗೊತ್ತೇ ಇದೆ. ಶಾಮಿಯಾನದ ಕೆಳಗೆ ಜಮಖಾನ ಹಾಸಿರುತ್ತಾರೆ. ಮಗುವಿಗೊಂದು ಝೆರಾಕ್ಸ್ ಹಾಳೆ. ಅದರಲ್ಲಿ ಯಾರೋ ದೊಡ್ಡವರು ಆಗಲೇ ಬರೆದಿಟ್ಟ ನವಿಲು, ಗಣಪತಿ, ಇಲ್ಲವೇ ಕರ್ನಾಟಕದ ನಕಾಶೆ. ಗೆರೆ ದಾಟಬಾರದು, ಬಿಳಿ ಬಿಡಬಾರದು, ಹೇಳಿದ ಹೊತ್ತಿಗೆ ಮುಗಿಸಬೇಕು. ಹಗ್ಗದ ಆಚೆ ನಿಂತ ಹೆತ್ತವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. "ಪುಟ್ಟಾ, ಆಚೆ ಹೋಗ್ತಿದೆ ನೋಡು," "ಎಲೆಗೆ ಯಾಕಮ್ಮಾ ನೀಲಿ, ಹಸಿರು ಹಚ್ಚು." ಕೊನೆಗೆ ಮೂವರಿಗೆ ಟ್ರೋಫಿ. ನೂರು ಮಕ್ಕಳು ಬಂದಿದ್ದರೆ ತೊಂಬತ್ತೇಳು ಮಕ್ಕಳು ತಮ್ಮ ಬಣ್ಣ ಚೆನ್ನಾಗಿಲ್ಲ ಎನ್ನುವುದನ್ನು ಕಲಿತುಕೊಂಡು ಮನೆಗೆ ಹೋಗುತ್ತಾರೆ.

ಸಂಘಟಕರ ಮನಸ್ಸು ಒಳ್ಳೆಯದೇ ಇರುತ್ತದೆ. ಮಕ್ಕಳಿಗೂ ಒಂದು ಕಾರ್ಯಕ್ರಮ ಇರಲಿ ಎಂಬ ಪ್ರೀತಿ ಅದು. ಆದರೆ ಆ ವಯಸ್ಸಿನ ಮಕ್ಕಳ ಕೈಯನ್ನು ಒಮ್ಮೆ ನೋಡಿ. ಎಲ್‌ಕೆಜಿಯ ಮಗುವಿಗೆ ನಾಲ್ಕು ವರ್ಷ, ಎರಡನೇ ತರಗತಿಯ ಮಗುವಿಗೆ ಏಳು ದಾಟಿರುತ್ತದೆ. ನಾಲ್ಕರಲ್ಲಿ ಕೆಲವು ಮಕ್ಕಳು ಇನ್ನೂ ಮುಷ್ಟಿಯಲ್ಲೇ ಕ್ರೇಯಾನ್ ಹಿಡಿಯುತ್ತಾರೆ, ಏಳರ ಹೊತ್ತಿಗೆ ಕೈ ಮೂರು ಬೆರಳಲ್ಲಿ ಹಿಡಿಯಲು ಕಲಿತಿರುತ್ತದೆ. ಇವರನ್ನು ಒಂದೇ ಗುಂಪಿನಲ್ಲಿ ಕೂರಿಸಿ ಗೆರೆ ದಾಟದವರಿಗೆ ಬಹುಮಾನ ಎನ್ನುವುದು ಅಂಬೆಗಾಲಿಡುವವರಿಗೆ ಓಟದ ಪಂದ್ಯ ಇಟ್ಟಂತೆ. ಗೆದ್ದದ್ದು ಪ್ರತಿಭೆ ಎಂದುಕೊಳ್ಳುತ್ತೇವೆ. ಬಹಳ ಸಲ ಗೆದ್ದದ್ದು ಒಂದೆರಡು ವರ್ಷದ ವಯಸ್ಸಷ್ಟೆ.

ಬಹುಮಾನದ ಆಸೆ ತೋರಿಸಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದರು. ಅದು ಪ್ರಕಟವಾದದ್ದು 1973ರಲ್ಲಿ. ಬಣ್ಣದ ಪೆನ್ನಿನಲ್ಲಿ ಬರೆಯುವುದೆಂದರೆ ಮೊದಲೇ ಇಷ್ಟಪಡುತ್ತಿದ್ದ, ಮೂರರಿಂದ ಐದು ವರ್ಷದ ಮಕ್ಕಳನ್ನೇ ಆರಿಸಿಕೊಂಡರು. ಒಂದು ಗುಂಪಿಗೆ, ನೀನು ಚಿತ್ರ ಬರೆದರೆ ರಿಬ್ಬನ್ ಇರುವ ಚಂದದ ಪ್ರಮಾಣಪತ್ರ ಕೊಡುತ್ತೇವೆ ಎಂದು ಮುಂಚೆಯೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ ಬರೆಸಿ ಕೊನೆಗೆ ಅದನ್ನೇ ಕೊಟ್ಟರು. ಮೂರನೆಯ ಗುಂಪಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರ ಕಳೆದ ಮೇಲೆ ಅದೇ ಪೆನ್ನುಗಳನ್ನು ತರಗತಿಯಲ್ಲಿಟ್ಟು, ಯಾರು ತಾವಾಗಿಯೇ ಹೋಗಿ ಬರೆಯುತ್ತಾರೆ ಎಂದು ಮರೆಯಿಂದ ಗಮನಿಸಿದರು. ಮುಂಚೆಯೇ ಪ್ರಮಾಣಪತ್ರದ ಆಸೆ ತೋರಿಸಲಾಗಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಬರೆದರು. ಪ್ರಮಾಣಪತ್ರಕ್ಕಾಗಿ ಬರೆದ ಚಿತ್ರಗಳೂ ಗುಣದಲ್ಲಿ ಕಡಿಮೆಯೇ ಇದ್ದವು. ಹೇಳದೆ ಕೊಟ್ಟ ಗುಂಪಿಗೆ ಮಾತ್ರ ಏನೂ ತೊಂದರೆಯಾಗಲಿಲ್ಲ. ಇದನ್ನು ಸಮಿತಿಯವರು ದಯವಿಟ್ಟು ನೆನಪಿಡಬೇಕು. ಕೊನೆಯಲ್ಲಿ ಎಲ್ಲ ಮಕ್ಕಳ ಕೈಗೂ ಒಂದೊಂದು ಕುಂಚ ಕೊಟ್ಟು ಕಳುಹಿಸುವ ಮನಸ್ಸಿದ್ದರೆ ಖಂಡಿತ ಕೊಡಿ, ಮೊದಲೇ ಹೇಳಬೇಡಿ.

ಹಾಗಾದರೆ ನೀರುಬಣ್ಣವೇ ಯಾಕೆ? ಕ್ರೇಯಾನ್ ಇದೆ, ಸ್ಕೆಚ್ ಪೆನ್ ಇದೆ, ಒದ್ದೆಯಿಲ್ಲ, ಗಲೀಜಿಲ್ಲ ಎಂದು ಕೇಳಬಹುದು. ಕ್ರೇಯಾನ್‌ನಿಂದ ಗಾಢ ಬಣ್ಣ ಬರಬೇಕಾದರೆ ಒತ್ತಬೇಕು. ನಾಲ್ಕು ವರ್ಷದ ಬೆರಳಿಗೆ ಅಷ್ಟು ಬಲವಿಲ್ಲ; ಅರ್ಧ ನವಿಲು ಮುಗಿಯುವುದರೊಳಗೆ ಕೈ ಸೋಲುತ್ತದೆ. ನೀರು ಹೀರಿದ ಕುಂಚಕ್ಕೆ ಬಲ ಬೇಕಿಲ್ಲ. ಸುಮ್ಮನೆ ತಾಕಿಸಿದರೂ ತುಂಬು ಬಣ್ಣ ಹಾಳೆಗೆ ಇಳಿಯುತ್ತದೆ. ಒತ್ತಿದರೆ ಗೆರೆ ಅಗಲ, ತುದಿಯಲ್ಲಿ ಎಳೆದರೆ ಸಣ್ಣ. ಯಾರೂ ಹೇಳಿಕೊಡದೆ ಬೆರಳು ಹಗುರವಾಗುವುದನ್ನು ಕಲಿಯುತ್ತದೆ. ಮುಂದೆ ಅ ಆ ಇ ಈ ತಿದ್ದುವ ಕೈಯೂ ಇದೇ ತಾನೇ.

ಎರಡನೆಯ ಕಾರಣ ನನಗೆ ಇನ್ನೂ ದೊಡ್ಡದು. ನೀರುಬಣ್ಣ ಮಗುವಿನ ಎದುರಿಗೇ ಕೆಲಸ ಮಾಡುತ್ತದೆ. ಮಗು ಒದ್ದೆ ಹಾಳೆಯ ಮೇಲೆ ಹಳದಿ ಇಡುತ್ತದೆ, ಪಕ್ಕದಲ್ಲಿ ನೀಲಿ ಇಡುತ್ತದೆ. ಎರಡೂ ನಿಧಾನವಾಗಿ ಹರಡಿ, ಸೇರುವ ಕಡೆಯಲ್ಲಿ ತಾನು ಇಡದೇ ಇದ್ದ ಹಸಿರು ಹುಟ್ಟುತ್ತದೆ. ಹಳದಿ ನೀಲಿ ಸೇರಿದರೆ ಹಸಿರು ಎಂದು ನೂರು ಸಲ ಬಾಯಿಪಾಠ ಮಾಡಿಸಿದರೂ ಈ ಒಂದು ಗಳಿಗೆಗೆ ಸಮ ಬರುವುದಿಲ್ಲ. ನೀರು ಹೆಚ್ಚಾದರೆ ಬಣ್ಣ ತಿಳಿಯಾಗುತ್ತದೆ, ಹಾಳೆ ಓರೆ ಮಾಡಿದರೆ ಇಳಿಯುತ್ತದೆ, ಒಣಗಿದ ಮೇಲೆ ಮಾಸುತ್ತದೆ. ಬಣ್ಣವಿದ್ದ ಕಡೆ ಒದ್ದೆ ಕುಂಚ ಉಜ್ಜಿದರೆ ಮತ್ತೆ ಮೇಲೇಳುತ್ತದೆ. ಏಪ್ರಿಲ್‌ನ ರಾಯಚೂರಿನಲ್ಲಿ ನೋಡನೋಡುತ್ತಲೇ ಒಣಗುವ ಹಾಳೆ, ಆಗುಂಬೆಯ ಮಳೆಗಾಲದಲ್ಲಿ ಸಂಜೆಯಾದರೂ ತಣ್ಣಗೇ ಇರುತ್ತದೆ. ಯಾಕೆ ಎಂದು ಒಂದು ಮಗು ಕೇಳೇ ಕೇಳುತ್ತದೆ. ಅಲ್ಲಿಂದ ವಿಜ್ಞಾನದ ಪಾಠ ತಾನಾಗಿಯೇ ಶುರು.

ಈ ಬಣ್ಣದೊಳಗೆ ಇರುವುದು ಬಹಳ ಕಡಿಮೆ: ನುಣ್ಣಗೆ ಅರೆದ ಬಣ್ಣದ ಪುಡಿ, ಅದನ್ನು ಹಾಳೆಗೆ ಹಿಡಿಸುವ ಅಂಟು, ಒಣಗಿ ಬಿರಿಯದಂತೆ ಸ್ವಲ್ಪ ಗ್ಲಿಸರಿನ್. ಆ ಅಂಟು ಜಾಲಿ ಜಾತಿಯ ಮರದ ಗೋಂದು. ಜಗತ್ತಿಗೆ ಅದು ಹೆಚ್ಚಾಗಿ ಸುಡಾನ್‌ನಿಂದ ಬರುತ್ತದೆ. ನಮ್ಮ ಕರಿಜಾಲಿಯ ಕಾಂಡದಲ್ಲಿ ಒಸರುವ ಅಂಟೂ ಅದರ ಹತ್ತಿರದ ನೆಂಟನೇ. ಈ ಗೋಂದು ನೀರಿನಲ್ಲಿ ಕರಗುವುದರಿಂದಲೇ ಒಣಗಿದ ಬಿಲ್ಲೆಯನ್ನು ಎಷ್ಟು ಸಲ ಬೇಕಾದರೂ ಎಬ್ಬಿಸಬಹುದು. ಇಂಗ್ಲೆಂಡಿನ ವಿಲಿಯಂ ರೀವ್ಸ್ ಹೀಗೆ ಒಣಗಿಸಿದ ಬಣ್ಣದ ಬಿಲ್ಲೆ ಮಾಡಿದ್ದಕ್ಕೆ 1781ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್‌ನಿಂದ ಮನ್ನಣೆ ಪಡೆದ. ಇಂದು ಹಳ್ಳಿಯ ಪುಸ್ತಕದಂಗಡಿಯಲ್ಲೂ ಸಿಗುವ ಹನ್ನೆರಡು ಬಿಲ್ಲೆಯ ಡಬ್ಬಿ ಆ ವಂಶದ್ದು. ನೀರುಬಣ್ಣ ಪಾರದರ್ಶಕ, ಚಿತ್ರದ ಬೆಳಕು ಕೆಳಗಿನ ಹಾಳೆಯ ಬಿಳುಪಿನಿಂದ ಬರುತ್ತದೆ. ಬಿಳಿ ಬಿಡಬಾರದು ಎಂಬ ಸ್ಪರ್ಧೆಯ ನಿಯಮ ಈ ಮಾಧ್ಯಮಕ್ಕೇ ವಿರುದ್ಧ. ಕಲಾವಿದ ಕೆ. ವೆಂಕಟಪ್ಪನವರು ಊಟಿಯ ಬೆಟ್ಟ, ಮಂಜುಗಳನ್ನು ಚಿತ್ರಿಸಿದ್ದು ಈ ಮಾಧ್ಯಮದಲ್ಲೇ. ಮಕ್ಕಳನ್ನೆಲ್ಲ ವೆಂಕಟಪ್ಪ ಮಾಡಲು ಹೊರಡೋಣ ಎಂದು ಇದನ್ನು ಹೇಳುತ್ತಿಲ್ಲ. ದೊಡ್ಡ ಕಲಾವಿದರು ಜೀವಮಾನವಿಡೀ ಕೈಯಾಡಿಸಿದ ಸಾಮಗ್ರಿಯೇ ನಾಲ್ಕು ವರ್ಷದ ಮಗುವಿಗೂ ಒದಗುತ್ತದೆ ಎನ್ನುವುದು ನಾವು ಬಳಸಿಕೊಳ್ಳಬೇಕಾದ ಭಾಗ್ಯ.

ಈಗ ಮಗು ಬರೆಯುವ ಚಿತ್ರದ ಮಾತು. ಮೂರು ವರ್ಷದ ಗೀಚಿಗೂ ಒಂದು ಕ್ರಮವಿದೆ. ಸ್ಯಾನ್ ಫ್ರಾನ್ಸಿಸ್ಕೋದ ಶಿಶುವಿಹಾರದ ಶಿಕ್ಷಕಿ ರೋಡಾ ಕೆಲಾಗ್ ಲಕ್ಷಾಂತರ ಮಕ್ಕಳ ಚಿತ್ರ ಸಂಗ್ರಹಿಸಿ, ಗೀಚುಗಳಲ್ಲೇ ಇಪ್ಪತ್ತು ಮೂಲ ಬಗೆಗಳನ್ನು ಗುರುತಿಸಿದರು. ಗೀಚು ಸುತ್ತಿ ಸುತ್ತಿ ವೃತ್ತವಾಗುತ್ತದೆ, ವೃತ್ತಕ್ಕೆ ಕಿರಣ ಹುಟ್ಟುತ್ತದೆ, ಮುಂದೆ ಅದಕ್ಕೇ ಎರಡು ಕಾಲು ಬಂದು ಅಮ್ಮ ಆಗುತ್ತಾಳೆ. ತಲೆಗೇ ಕಾಲು ಅಂಟಿಸಿದ ಆ ಅಮ್ಮನನ್ನು ಬೀದರಿನ ಮಗುವೂ ಬರೆಯುತ್ತದೆ, ಬರ್ಲಿನ್ನಿನ ಮಗುವೂ ಬರೆಯುತ್ತದೆ. ಕಲಾ ಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಬೆಳವಣಿಗೆಯ ಹಂತಗಳನ್ನು ವಯಸ್ಸಿಗೆ ಹೊಂದಿಸಿ ವಿವರಿಸಿದರು. ಆರೇಳು ವರ್ಷದ ಮಗು ಆಕಾಶವನ್ನು ಹಾಳೆಯ ಮೇಲ್ತುದಿಯಲ್ಲಿ ಒಂದು ನೀಲಿ ಪಟ್ಟಿಯಾಗಿ ಇಡುತ್ತದೆ, ನೆಲವನ್ನು ಕೆಳಗೆ ಒಂದು ಗೆರೆಯಾಗಿ. ಬಸ್ಸಿನ ತಗಡಿನ ಒಳಗೆ ಕೂತವರೆಲ್ಲ ಹೊರಗಿನಿಂದ ಕಾಣುತ್ತಾರೆ. ಇದು ತಪ್ಪಲ್ಲ. ಆ ವಯಸ್ಸಿಗೆ ಕಂಡದ್ದಕ್ಕಿಂತ ಗೊತ್ತಿರುವುದು ಮುಖ್ಯ. ಝೆರಾಕ್ಸ್ ನವಿಲು ಈ ಎಲ್ಲ ಹಂತಗಳನ್ನೂ ಬದಿಗೆ ತಳ್ಳಿ, ಚಿತ್ರವೆಂದರೆ ದೊಡ್ಡವರು ಬರೆದದ್ದು ಎಂದು ಮಗುವಿಗೆ ಹೇಳುತ್ತದೆ. ಕೆಲವು ದಿನ ಬಣ್ಣದ ಪುಸ್ತಕ ತುಂಬಿದ ಮಗು "ನಂಗೆ ನವಿಲು ಬರಲ್ಲ, ನೀನೇ ಬರೆದುಕೊಡು" ಎಂದು ಹಾಳೆ ಚಾಚುವುದನ್ನು ನೀವೂ ಕಂಡಿರಬಹುದು. ನಿನ್ನೆಯವರೆಗೆ ಅದಕ್ಕೆ ನವಿಲು ಬರುತ್ತಿತ್ತು.

ಇದು ಹೊಸ ವಾದವೇನಲ್ಲ. ವಿಯೆನ್ನಾದಲ್ಲಿ ಕಲಾವಿದ ಫ್ರಾಂಜ್ ಚಿಝೆಕ್ 1897ರಲ್ಲೇ ಮಕ್ಕಳು ತಮ್ಮ ಪಾಡಿಗೆ ಬರೆಯುವ ಚಿತ್ರಶಾಲೆ ತೆರೆದರು. ನಮ್ಮಲ್ಲಿ ಶಾಂತಿನಿಕೇತನದಲ್ಲಿ ಕಲಿತ ದೇವಿ ಪ್ರಸಾದ್ ಗಾಂಧೀಜಿಯವರ ಸೇವಾಗ್ರಾಮದಲ್ಲಿ ನಯೀ ತಾಲೀಮ್ ಎಂಬ ಶಿಕ್ಷಣ ಪದ್ಧತಿಯ ಮಕ್ಕಳಿಗೆ ವರ್ಷಗಳ ಕಾಲ ಕಲೆ ಕಲಿಸಿ, ಶಿಕ್ಷಣಕ್ಕೆ ಕಲೆಯೇ ತಳಹದಿ ಎಂದು ಬರೆದರು. ಕರ್ನಾಟಕದ ಹಳ್ಳಿಗಳಂತೂ ನೀರಿನಲ್ಲಿ ಬಣ್ಣ ಕಲಸುವುದನ್ನು ಯಾರಿಂದಲೂ ಕಲಿಯಬೇಕಿಲ್ಲ. ಸಾಗರ, ಸೊರಬದ ಕಡೆಯ ದೀವರ ಮನೆಗಳ ಹಸೆ ಚಿತ್ತಾರ ನೋಡಿ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಕರಕಲಾದ ಅಕ್ಕಿ, ಹಳದಿಗೆ ಗುರುಗಿ ಕಾಯಿ, ಕುಂಚಕ್ಕೆ ಪುಂಡಿ ನಾರು. ಅಜ್ಜಿ ಗೋಡೆಗೆ ಬರೆಯುವಾಗ ಪಕ್ಕದಲ್ಲಿ ಕೂತ ಮೊಮ್ಮಗಳಿಗೆ ಯಾವ ಸ್ಪರ್ಧೆಯೂ ಇರಲಿಲ್ಲ.

ಹಾಗಾಗಿ ಅಂಗಡಿಯ ಬಣ್ಣಕ್ಕೆ ದುಡ್ಡು ಸಾಲದ ಅಂಗನವಾಡಿಯಲ್ಲೂ ಈ ಕೆಲಸ ನಿಲ್ಲಬೇಕಿಲ್ಲ. ಬಸಳೆ ಹಣ್ಣು ಹಿಂಡಿದರೆ ನೇರಳೆ ಕೆಂಪು, ಅರಿಶಿನದ ನೀರು ಹಳದಿ, ಅದಕ್ಕೇ ಚಿಟಿಕೆ ಸುಣ್ಣದ ತಿಳಿ ಬಿದ್ದರೆ ಕೆಂಪು. ಸುಣ್ಣವನ್ನು ಟೀಚರೇ ಮುಟ್ಟಲಿ, ಮಕ್ಕಳ ಕೈಗೂ ಕಣ್ಣಿಗೂ ತಾಗಬಾರದು. ಶಂಖಪುಷ್ಪ ನೆನೆಸಿದ ನೀರು ನೀಲಿ, ನಿಂಬೆರಸ ಬಿದ್ದರೆ ಗುಲಾಬಿ. ಇವು ಬಿಸಿಲಿಗೆ ಬೇಗ ಮಾಸುತ್ತವೆ ನಿಜ. ನಾಲ್ಕು ವರ್ಷದವರಿಗೆ ಬೇಕಾದದ್ದು ಬರೆಯುವ ಹೊತ್ತು. ಚಿತ್ರ ನೂರು ವರ್ಷ ಬಾಳಬೇಕೆಂಬ ಆಸೆ ಅವರಿಗಿಲ್ಲ.

ಸಾಮಗ್ರಿ ಕೊಳ್ಳುವವರಿಗೆ ಒಂದು ಮಾತು: ಉಳಿಸುವುದಾದರೆ ಬಣ್ಣದಲ್ಲಿ ಉಳಿಸಿ, ಹಾಳೆಯಲ್ಲಿ ಬೇಡ. ಝೆರಾಕ್ಸ್ ಹಾಳೆ ಎಪ್ಪತ್ತೈದು ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ಆಸುಪಾಸಿನದು. ನೀರು ಬಿದ್ದೊಡನೆ ಸುಕ್ಕಾಗಿ, ಎರಡನೇ ಸಲ ಕುಂಚ ತಾಗಿದರೆ ಪುಡಿ ಏಳುತ್ತದೆ; ಮಗು ತನ್ನದೇ ತಪ್ಪು ಎಂದುಕೊಳ್ಳುತ್ತದೆ. ಕನಿಷ್ಠ 140 ಜಿಎಸ್‌ಎಂ ಇರುವ ಡ್ರಾಯಿಂಗ್ ಶೀಟ್ ತನ್ನಿ, 200ರ ಮೇಲಿದ್ದರೆ ಇನ್ನೂ ಒಳ್ಳೆಯದು. 22 ಇಂಚು ಅಗಲ 30 ಇಂಚು ಉದ್ದದ ದೊಡ್ಡ ಶೀಟನ್ನು ಮೂರು ಸಲ ಅರ್ಧ ಮಾಡಿದರೆ ಎಂಟು ತುಂಡು. ಮೂವತ್ತು ಮಕ್ಕಳಿಗೆ ತಲಾ ಎರಡು ಎಂದರೂ ಎಂಟು ಶೀಟು ಸಾಕು. ಕುಂಚ ಎಂಟು ಅಥವಾ ಹತ್ತನೇ ನಂಬರಿನ ರೌಂಡ್ ಇರಲಿ. ಡಬ್ಬಿಯ ಜೊತೆ ಬರುವ ಸೂಜಿಯಂಥ ಕುಂಚದಿಂದ ಮಕ್ಕಳಿಗೆ ಏನೂ ಉಪಯೋಗವಿಲ್ಲ. ಟ್ಯೂಬ್ ಬಣ್ಣವಾದರೆ ಲೆಮನ್ ಯೆಲ್ಲೊ, ಕ್ರಿಮ್ಸನ್, ಪ್ರಷ್ಯನ್ ಬ್ಲೂ ಮೂರೇ ಸಾಕು. ಕಿತ್ತಳೆ, ಹಸಿರು, ನೇರಳೆ, ಕಂದು ಎಲ್ಲ ಮಕ್ಕಳೇ ಮಾಡಿಕೊಳ್ಳುತ್ತಾರೆ. ಕಪ್ಪು ಕೊಡಬೇಡಿ, ಮಿಕ್ಕದ್ದೆಲ್ಲ ಅದರಲ್ಲಿ ಮುಳುಗುತ್ತದೆ. ಅಡುಗೆಗೆ ಬಳಸದ ಹಳೆಯ ಇಡ್ಲಿ ತಟ್ಟೆ ಸಿಕ್ಕರೆ ಅದರ ಗುಳಿಗಳಲ್ಲಿ ಬಣ್ಣ ತೆಳುಮಾಡಿ ಇಡಬಹುದು. ಮಗುವಿಗೆ ಎರಡು ಲೋಟ ನೀರು: ಒಂದು ಕುಂಚ ತೊಳೆಯಲು, ಇನ್ನೊಂದು ತಿಳಿಯಾಗಿರಲು. ಲೋಟಕ್ಕೆ ಅರ್ಧ ಮಾತ್ರ ನೀರು ಹಾಕಿ, ಪಕ್ಕದಲ್ಲಿ ಹಳೆ ಬನಿಯನ್ ತುಂಡು ಇಡಿ. ಡಬ್ಬಿಯ ಮೇಲೆ ನಾನ್ ಟಾಕ್ಸಿಕ್ ಎಂದು ಬರೆದದ್ದನ್ನು ನೋಡಿಯೇ ಕೊಳ್ಳಿ. ಗೋಡೆ, ಬಾಗಿಲಿಗೆ ಬಳಿದು ಉಳಿದ ಪೇಂಟು, ಹೋಳಿಯ ಪುಡಿ ಮಕ್ಕಳ ಹತ್ತಿರ ಸುಳಿಯಬಾರದು. ಎನಾಮಲ್ ಪೇಂಟಿನಲ್ಲಿ ಸೀಸ ಇರುವ ಅಪಾಯ ಇನ್ನೂ ಪೂರ್ತಿ ಹೋಗಿಲ್ಲ, ಈ ವಯಸ್ಸಿನವರ ಬೆರಳು ಬಾಯಿಗೆ ಹೋಗಿಯೇ ಹೋಗುತ್ತದೆ.

ಬೆರಳು ಬಿಗಿ ಹಿಡಿಯಲು ಆಗದ ಮಗುವಿದ್ದರೆ ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿ. ಗೆರೆಯೊಳಗೆ ಬಣ್ಣ ತುಂಬಲಾರದೆ ಪ್ರತಿವರ್ಷ ಹಿಂದೆ ಉಳಿಯುವ ಆ ಮಗು ಒದ್ದೆ ಹಾಳೆಯ ಮೇಲೆ ಯಾರಿಗಿಂತಲೂ ಹಿಂದಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳವರಲ್ಲಿ ನನ್ನದು ಇನ್ನೂ ಒಂದು ಕೋರಿಕೆ. ನಿಮ್ಮ ಕಾಂಪೌಂಡಿನ ಆಚೆ ಕಟ್ಟುತ್ತಿರುವ ಕಟ್ಟಡದ ಶೆಡ್ಡುಗಳಲ್ಲಿ ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಬಂದವರ ಮಕ್ಕಳಿದ್ದಾರೆ. ಬಿಹಾರ, ಒಡಿಶಾದವರ ಮಕ್ಕಳೂ ಇದ್ದಾರೆ. ಆ ಬೆಳಿಗ್ಗೆ ಅವರನ್ನೂ ಕರೆಯಿರಿ. ಬಣ್ಣ ಕಲಸುವುದಕ್ಕೆ ಭಾಷೆ ಬೇಕಿಲ್ಲ, ಶಾಲೆಯ ಸಮವಸ್ತ್ರ ಬೇಕಿಲ್ಲ, ಪ್ರವೇಶ ಶುಲ್ಕವಂತೂ ಬೇಡವೇ ಬೇಡ. ಒಂದೇ ಇಡ್ಲಿ ತಟ್ಟೆಯ ಸುತ್ತ ನಾಲ್ವರು ಕೂತರೆ ಹತ್ತು ನಿಮಿಷದಲ್ಲಿ ಅವರೊಳಗೆ ಮಾತು ಹುಟ್ಟುತ್ತದೆ. ಬಹುಮಾನ ಇದ್ದರೆ ಹೀಗಾಗುವುದಿಲ್ಲ. ಎದುರಿಗೆ ಕೂತವನು ಎದುರಾಳಿ ಆಗಿಬಿಡುತ್ತಾನೆ.

ಹಳ್ಳಿಗಳಲ್ಲಿ ಇದಕ್ಕೆ ಜಾಗ ಆಗಲೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳೂ ಅಲ್ಲಿ ಸದಸ್ಯರು. ತಿಂಗಳಿಗೊಂದು ಭಾನುವಾರ ಅಲ್ಲಿಯ ಜಗಲಿಯಲ್ಲಿ ಎರಡು ಬಕೆಟ್ ನೀರಿಟ್ಟರೆ ಸಾಕು. ಹಳೆ ವಿದ್ಯಾರ್ಥಿ ಸಂಘದವರು ಶಾಲೆಗೆ ಗಡಿಯಾರ, ಬೀರು ಕೊಡುತ್ತೀರಿ. ಮುಂದಿನ ಸಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮೂವತ್ತು ಕುಂಚ, ಒಂದು ವರ್ಷಕ್ಕಾಗುವ ಶೀಟು, ಬಣ್ಣ ತುಂಬಿ ಒಂದು, ಎರಡನೇ ತರಗತಿಯ ಕೋಣೆಗೆ ಕೊಡಿ. ಮುಗಿದಾಗ ಮತ್ತೆ ತುಂಬಿಸಲು ಒಬ್ಬರನ್ನು ನೇಮಿಸಿ. ಚಿತ್ರಕಲಾ ಶಿಕ್ಷಕರು ಇರುವುದು ಹೆಚ್ಚಾಗಿ ಪ್ರೌಢಶಾಲೆಗಳಲ್ಲಿ. ಪುಟ್ಟ ಮಕ್ಕಳ ಕೋಣೆಗೆ ಅವರು ತಲುಪುವುದು ಅಪರೂಪ. ಅದಕ್ಕಾಗಿ ಕಾಯಬೇಕಿಲ್ಲ. ಈ ಕೆಲಸಕ್ಕೆ ಚಿತ್ರ ಬರೆಯಲು ಬರುವವರು ಬೇಕೆಂದಿಲ್ಲ, ನೀರು ಬದಲಿಸುವವರು, ಒರೆಸುವವರು, ಸುಮ್ಮನೆ ಪಕ್ಕದಲ್ಲಿ ಕೂರಬಲ್ಲವರು ಬೇಕು. ನಲಿ ಕಲಿ ತರಗತಿ ನಡೆಸುವ ಟೀಚರುಗಳಿಗೆ ಮಕ್ಕಳನ್ನು ಗುಂಪಾಗಿ ಕೂರಿಸಿ ಕೆಲಸಕ್ಕೆ ಹಚ್ಚುವುದು ಚೆನ್ನಾಗಿ ಗೊತ್ತು. ಅವರನ್ನು ಕೇಳಿಕೊಂಡರೆ ದಾರಿ ಅವರೇ ತೋರಿಸುತ್ತಾರೆ.

ಸ್ಪರ್ಧೆ ಇಲ್ಲದಿದ್ದರೆ ಮಕ್ಕಳು ಬರುವುದಿಲ್ಲ ಎನ್ನುವವರಿದ್ದಾರೆ. ಮಕ್ಕಳು ಬರುತ್ತಾರೆ, ಹಿಂಜರಿಯುವುದು ಹೆತ್ತವರು. ಅವರಿಗೂ ಒಂದು ಹಾಳೆ ಕೊಟ್ಟು ಮಗುವಿನಿಂದ ದೂರ, ಇನ್ನೊಂದು ಸಾಲಿನಲ್ಲಿ ಕೂರಿಸಿ. ಪ್ರತಿಭೆ ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ, ಹತ್ತು ಹನ್ನೆರಡರ ನಂತರ ಅದಕ್ಕೆ ಬೇಕಾದಷ್ಟು ದಾರಿಗಳಿವೆ: ಪ್ರತಿಭಾ ಕಾರಂಜಿ ಇದೆ, ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿವೆ. ಅಷ್ಟರವರೆಗೆ ಚಿತ್ರದ ಆಸೆ ಉಳಿದಿದ್ದರೆ ತಾನೇ ಅಲ್ಲಿಗೆ ಹೋಗುವುದು?

ಇನ್ನು ಬರೆಯುವಾಗ ನಾವು ಆಡುವ ಮಾತು. "ಇದೇನು?" ಎಂದು ಕೇಳಬೇಡಿ. ಐದು ವರ್ಷದೊಳಗಿನ ಮಗು ಹಲವು ಸಲ ಏನನ್ನೂ ಬರೆಯುತ್ತಿರುವುದಿಲ್ಲ, ಬಣ್ಣ ಏನು ಮಾಡುತ್ತದೆಂದು ನೋಡುತ್ತಿರುತ್ತದೆ. ನೀವು ಕೇಳಿದಿರೆಂದು ಒಂದು ಹೆಸರು ಹುಡುಕಿ ಹೇಳುತ್ತದೆ. "ಸೂಪರ್" ಎಂದು ಎಲ್ಲರಿಗೂ ಹೇಳಿಕೊಂಡು ಹೋದರೆ ಅದೂ ಒಂದು ಅಂಕವೇ. "ಇಲ್ಲಿ ಕೆಂಪು ನೀಲಿಯೊಳಗೆ ನುಗ್ಗಿದೆಯಲ್ಲಾ" ಎಂದು ಕಂಡದ್ದನ್ನಷ್ಟೇ ಹೇಳಿ, ಮಗು ಮುಂದಿನದನ್ನು ತಾನೇ ಹೇಳುತ್ತದೆ. ಎಲ್ಲ ಕಂದಾಗಿ ಹೋಯಿತೆಂದು ಅತ್ತರೆ ಹೊಸ ತುಂಡು ಕೊಡಿ. ಹಾಳೆ ತೂತಾಗುವವರೆಗೆ ಉಜ್ಜುತ್ತಿದ್ದರೆ ಉಜ್ಜಲಿ, ಹಾಳೆ ಎಷ್ಟು ನೀರು ತಾಳುತ್ತದೆ ಎಂಬುದು ಅದಕ್ಕೆ ಆ ದಿನದ ಪ್ರಶ್ನೆ. ಚಿತ್ರದ ಹಿಂಬದಿಗೆ ಹೆಸರು, ದಿನಾಂಕ ಬರೆದು, ಒಣಗಿದ ಮೇಲೆ ಎಲ್ಲವನ್ನೂ, ಒಂದನ್ನೂ ಬಿಡದೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಹಗ್ಗ ಕಟ್ಟಿ ಕ್ಲಿಪ್ಪಿನಿಂದ ತೂಗುಹಾಕಿ.

ವಿದೇಶದ ಕನ್ನಡ ಕೂಟಗಳವರಿಗೂ ಇದೇ ಕೋರಿಕೆ. ರಾಜ್ಯೋತ್ಸವಕ್ಕೆ ನಕಾಶೆಯ ಗೆರೆಯೊಳಗೆ ಹಳದಿ ಕೆಂಪು ತುಂಬಿಸುವ ಬದಲು, ಊರಿನ ಅಜ್ಜಿ ಮನೆಯ ಮಳೆಯ ಕತೆ ಕನ್ನಡದಲ್ಲಿ ಹೇಳಿ, ಆಮೇಲೆ ನೀರು ಬಣ್ಣ ಕೊಟ್ಟು ನೋಡಿ.

ಕರಪತ್ರ ಅಚ್ಚಿಗೆ ಹೋಗುವ ಮುಂಚೆ ನಿಮ್ಮ ಸಮಿತಿಯ ಸಭೆ ಸೇರುತ್ತದೆ. ಟ್ರೋಫಿ ಎಷ್ಟು, ಯಾರ ಹೆಸರಿನಲ್ಲಿ ಎಂಬ ಚರ್ಚೆ ಬಂದಾಗ ಈ ವಿಷಯ ಎತ್ತಿ. ಟ್ರೋಫಿ ಪ್ರಾಯೋಜಿಸುವ ದಾನಿಗಳನ್ನು ಕುಂಚ, ಹಾಳೆ ಕೊಡಿಸುವಂತೆ ಕೇಳಿ. ಅವರ ಹೆಸರನ್ನು ವೇದಿಕೆಯಲ್ಲಿ ಹೇಳಲು ಏನೂ ಅಡ್ಡಿಯಿಲ್ಲ. ಎಲ್ಲರೂ ಒಪ್ಪದಿದ್ದರೆ ಒಂದನೇ ತರಗತಿಯವರೆಗಿನ ಗುಂಪನ್ನಾದರೂ ಈ ವರ್ಷ ಸ್ಪರ್ಧೆಯಿಂದ ಬಿಡಿಸಿ, ಅವರಿಗೆ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರವರೆಗೆ ಶಾಮಿಯಾನದ ಒಂದು ಮೂಲೆ, ನೀರಿನ ನಲ್ಲಿಯ ಹತ್ತಿರದ್ದು, ಬರೆದಿಡಿಸಿ.